ಮೊದಲು ಒಂದೂಕಾಲು ಕೆಜಿಯ ಪ್ಲೇಟು ಕೊಳ್ಳಿ

ಮನೆಯಲ್ಲೇ ಭಾರ ಎತ್ತುವ ಕಸರತ್ತು ಶುರು ಮಾಡೋಣ ಎಂದುಕೊಂಡವರು ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ‘50 ಕೆಜಿ ಹೋಮ್ ಜಿಮ್ ಸೆಟ್’. ಅದರಲ್ಲಿ ಸಾಮಾನ್ಯವಾಗಿ ಎರಡೂವರೆ ಕೆಜಿಯ ನಾಲ್ಕು ಪ್ಲೇಟು, ಐದು ಕೆಜಿಯ ನಾಲ್ಕು, ಹತ್ತು ಕೆಜಿಯ ಎರಡು ಪ್ಲೇಟು ಇರುತ್ತವೆ. ಒಂದು ಜೊತೆ ಡಂಬೆಲ್ ರಾಡ್, ಮೂರಡಿಯ ಬಾಗಿದ ರಾಡ್, ಐದಡಿಯ ನೇರ ರಾಡ್, ಮೇಲೊಂದಿಷ್ಟು ಕೈಗವಸು, ಸ್ಕಿಪ್ಪಿಂಗ್ ಹಗ್ಗ, ಬ್ಯಾಗು. ಇನ್ನಷ್ಟು ದುಡ್ಡು ಕೊಟ್ಟರೆ ಮಡಚುವ ಬೆಂಚೂ ಬರುತ್ತದೆ. ಒಂದೇ ಸಲಕ್ಕೆ ಎಲ್ಲ ಮುಗಿಯಿತು ಅನ್ನಿಸುವುದು ಸಹಜ. ಆದರೆ ಹಣ ಪಾವತಿಸುವ ಮುಂಚೆ ಒಂದು ಚೀಟಿ ತೆಗೆದುಕೊಂಡು ಸಣ್ಣ ಲೆಕ್ಕ ಹಾಕಿ ನೋಡಿ.

ಡಂಬೆಲ್ಲಿನ ಎರಡೂ ತುದಿಗೆ ಸಮ ತೂಕ ಹಾಕಲೇಬೇಕು, ಎರಡು ಕೈಗೂ ಸಮ ತೂಕ ಬೇಕು. ಹಾಗಾಗಿ ಒಂದು ಅಳತೆಯ ನಾಲ್ಕು ಪ್ಲೇಟು ಇದ್ದರೆ ಮಾತ್ರ ಆ ಅಳತೆ ಡಂಬೆಲ್ ಜೋಡಿಗೆ ಉಪಯೋಗ. ಮೇಲಿನ ಸೆಟ್ಟಿನಲ್ಲಿ ಎರಡೂವರೆ ಕೆಜಿಯ ನಾಲ್ಕು ಹಾಕಿದರೆ ಪ್ರತಿ ಕೈಗೆ ಐದು ಕೆಜಿ. ಅವನ್ನು ತೆಗೆದು ಐದರ ನಾಲ್ಕು ಹಾಕಿದರೆ ಹತ್ತು. ಎರಡನ್ನೂ ಸೇರಿಸಿದರೆ ಹದಿನೈದು. ಅಷ್ಟೇ, ಮೂರೇ ಮೆಟ್ಟಿಲು. ಐದು ಕೆಜಿಯನ್ನು ತಲೆಯ ಮೇಲೆ ಆರಾಮಾಗಿ ಎತ್ತಲು ಕಲಿತವರ ಮುಂದಿನ ಹೆಜ್ಜೆ ಹತ್ತು, ಅಂದರೆ ನೇರ ದುಪ್ಪಟ್ಟು. ಯಾವ ಹೆಗಲೂ ಒಂದು ವಾರದಲ್ಲಿ ದುಪ್ಪಟ್ಟು ಬಲ ಪಡೆಯುವುದಿಲ್ಲ. ಐದರಲ್ಲೇ ತಿಂಗಳುಗಟ್ಟಲೆ ಉಳಿದು ಬೇಸರವಾಗುತ್ತದೆ, ಇಲ್ಲವೇ ಹಟಕ್ಕೆ ಹತ್ತನ್ನು ಎತ್ತಲು ಹೋಗಿ ಹೆಗಲು ಹಿಡಿದುಕೊಳ್ಳುತ್ತದೆ. ಆಮೇಲೆ ರಾಡುಗಳು ಮಂಚದ ಕೆಳಗೆ ಸೇರುತ್ತವೆ. ದೋಷ ವ್ಯಕ್ತಿಯ ಸೋಮಾರಿತನದ್ದು ಎಂದು ಮನೆಯವರೆಲ್ಲ ತೀರ್ಪು ಕೊಡುತ್ತಾರೆ. ನನ್ನ ಪ್ರಕಾರ ದೋಷ ಮೆಟ್ಟಿಲುಗಳದ್ದು.

ಇದೇ ಸೆಟ್ಟಿಗೆ ಒಂದೂಕಾಲು ಕೆಜಿಯ ನಾಲ್ಕು ಪ್ಲೇಟು ಸೇರಿಸಿ. ಹೆಚ್ಚಿದ್ದು ಐದೇ ಕೆಜಿ. ಆದರೆ ಈಗ ಪ್ರತಿ ಕೈಗೆ ಎರಡೂವರೆ, ಐದು, ಏಳೂವರೆ, ಹತ್ತು, ಹನ್ನೆರಡೂವರೆ, ಹದಿನೈದು, ಹದಿನೇಳೂವರೆ ಎಂದು ಏಳು ಮೆಟ್ಟಿಲು ಸಿಗುತ್ತವೆ. ಉದ್ದದ ರಾಡಿನಲ್ಲೂ ಐದೈದರ ಬದಲು ಎರಡೂವರೆಯ ಜಿಗಿತ ಸಾಧ್ಯವಾಗುತ್ತದೆ. ಅರ್ಧ ಕೆಜಿಯ ನಾಲ್ಕು ಸಿಕ್ಕರಂತೂ ಇನ್ನೂ ಒಳ್ಳೆಯದು. ಅಂಗಡಿಯವರು ಇವನ್ನು ಎದುರಿಗೆ ಇಡುವುದಿಲ್ಲ, ಕೇಳಿ ತೆಗೆಸಬೇಕು.

ಹೊಸಬರು ಯಾವ ಸಾಮಾನು ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳಿದರೆ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದರಲ್ಲಿ ಭಾರವನ್ನು ಎಷ್ಟು ಸ್ವಲ್ಪಸ್ವಲ್ಪವಾಗಿ ಏರಿಸಬಹುದು? ಎತ್ತಲಾಗದೆ ಸೋತಾಗ ಪೆಟ್ಟಾಗದಂತೆ ಹೇಗೆ ಕೈಬಿಡಬಹುದು? ಬಣ್ಣ, ಬ್ರ್ಯಾಂಡು, ಒಟ್ಟು ಕೆಜಿ ಎಲ್ಲ ಇವುಗಳ ನಂತರ.

ಮೊದಲ ಪ್ರಶ್ನೆಯ ಹಿಂದೆ ದೇಹದ ನಿಯಮವಿದೆ. ಸ್ನಾಯು ತನಗೆ ಅಭ್ಯಾಸವಿರುವುದಕ್ಕಿಂತ ತುಸು ಹೆಚ್ಚಿನ ಭಾರ ಬಿದ್ದಾಗ, ಆಮೇಲೆ ಊಟ ನಿದ್ರೆ ಸಿಕ್ಕಾಗ ಬೆಳೆಯುತ್ತದೆ. ಭಾರ ಅಷ್ಟೇ ಉಳಿದರೆ ಸ್ನಾಯುವೂ ಅಲ್ಲೇ ಉಳಿಯುತ್ತದೆ. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರನ್ನು ನೋಡಿದವರಿಗೆ ಗೊತ್ತು, ಕಲ್ಲು ಭಾರವನ್ನು ಬದಲಿಸಿಕೊಳ್ಳುವುದಿಲ್ಲ. ಮುಂದಿನ ಮೆಟ್ಟಿಲಿಗೆ ಇನ್ನೊಂದು ಕಲ್ಲೇ ಬೇಕು. ಬಾರ್ಬೆಲ್ಲಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಲನ್ ಕಾಲ್ವರ್ಟ್ 1902ರಲ್ಲಿ ಮೈಲೊ ಬಾರ್ಬೆಲ್ ಕಂಪನಿ ತೆರೆದು, ತೂಕ ಬದಲಿಸಬಹುದಾದ ಬಾರ್ಬೆಲ್‌ಗಳನ್ನು ಪಾಠದ ಸಮೇತ ಮನೆಮನೆಗೆ ಮಾರಿದ. ಸರ್ಕಸ್ಸಿನ ಭೀಮಬಲರ ಕೈಯಲ್ಲಿದ್ದ ವಸ್ತು ಸಾಮಾನ್ಯರ ಕೋಣೆಗೆ ಬಂದದ್ದು ಹಾಗೆ. ನಮ್ಮಲ್ಲಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಬೆಂಗಳೂರಿನ ತಮ್ಮ ಹರ್ಕ್ಯುಲಿಸ್ ಜಿಮ್ನೇಷಿಯಂನಲ್ಲಿ ಬಾರ್ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದರು, ದೂರದವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. ಮನೆಯಲ್ಲಿ ಒಬ್ಬರೇ ಭಾರ ಎತ್ತಿ ಮೈ ಬೆಳೆಸುವುದು ಕನ್ನಡದ ನೆಲಕ್ಕೆ ಹೊಸತೇನಲ್ಲ.

ಡಂಬೆಲ್ ಕೊಳ್ಳುವಾಗ ಈ ನಿಯಮ ನೆನಪಿರಲಿ. ತೂಕ ಬದಲಾಯಿಸಲಾಗದ ಐದು ಕೆಜಿಯ ಜೋಡಿ ಕೊಂಡರೆ, ಏಳೂವರೆಯ ಜೋಡಿಗೆ ಹೋಗುವಾಗ ಭಾರ ಶೇಕಡಾ 50ರಷ್ಟು ಏರುತ್ತದೆ. ಅದೇ ಎರಡೂವರೆ ಕೆಜಿ, 20 ಕೆಜಿಯ ಮೇಲೆ ಬಿದ್ದರೆ ಏರಿಕೆ ಶೇಕಡಾ 12.5 ಮಾತ್ರ. ಹಗುರ ಭಾರದಲ್ಲಿ ಇರುವವರಿಗೇ ಸಣ್ಣ ಪ್ಲೇಟು ಹೆಚ್ಚು ಬೇಕು, ಅಂದರೆ ಹೊಸಬರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ. ಸಣ್ಣ ಪ್ಲೇಟು ಇಲ್ಲದಿದ್ದರೆ ದಾರಿಯೇ ಇಲ್ಲವೆಂದಲ್ಲ. ಎಂಟು ಸಲ ಎತ್ತುತ್ತಿದ್ದುದನ್ನು ವಾರವಾರ ಒಂಬತ್ತು, ಹತ್ತು, ಹನ್ನೆರಡಕ್ಕೆ ಒಯ್ದು, ಆಮೇಲೆ ಭಾರ ಏರಿಸಿ ಮತ್ತೆ ಎಂಟಕ್ಕೆ ಇಳಿಯಬಹುದು.

ಗುಂಡಿ ತಿರುಗಿಸಿದರೆ ತೂಕ ಬದಲಾಗುವ ಡಂಬೆಲ್‌ಗಳು ಜಾಗ ಉಳಿಸುತ್ತವೆ, ನೋಡಲೂ ಚೆನ್ನ. ಆದರೆ ಅವು ಯಂತ್ರಗಳು. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಬೌಫ್ಲೆಕ್ಸ್‌ನ ಇಂಥ ಸುಮಾರು 38 ಲಕ್ಷ ಡಂಬೆಲ್‌ಗಳನ್ನು ವಾಪಸು ಕರೆಯಬೇಕಾಯಿತು, ಎತ್ತುವಾಗ ಪ್ಲೇಟು ಹಿಡಿಯಿಂದ ಕಳಚಿ ಬೀಳುತ್ತಿದ್ದವು ಎಂಬ ಕಾರಣಕ್ಕೆ. ತಿರುಪಿನ ನಟ್ ಹಾಕುವ ಸಾದಾ ಡಂಬೆಲ್ ರಾಡಿನ ತೊಂದರೆ ಒಂದೇ: ನಟ್ ಸಡಿಲವಾಗುತ್ತಾ ಹೋಗುತ್ತದೆ. ಪ್ರತಿ ಸುತ್ತು ಎತ್ತಿ ಮುಗಿದ ಮೇಲೆ ಬೆರಳಲ್ಲಿ ಬಿಗಿ ಮಾಡುವುದನ್ನು ರೂಢಿಸಿಕೊಂಡರೆ ಅದು ಹತ್ತಾರು ವರ್ಷ ಬಾಳುತ್ತದೆ.

ಇನ್ನು ಪ್ಲೇಟಿನ ವಿಚಾರ. ಕಡಿಮೆ ಬೆಲೆಯ ಸೆಟ್ಟುಗಳಲ್ಲಿ ಬರುವುದು ಪಿವಿಸಿ ಪ್ಲೇಟು, ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟೋ ಮರಳೋ ತುಂಬಿದ್ದು. ಕಬ್ಬಿಣಕ್ಕಿಂತ ದಪ್ಪ, ಹಾಗಾಗಿ ರಾಡಿನ ತುದಿಯಲ್ಲಿ ಜಾಗ ಬೇಗ ಮುಗಿಯುತ್ತದೆ. ಜೋರಾಗಿ ಬಿದ್ದರೆ ಚಿಪ್ಪು ಒಡೆದು ಒಳಗಿನ ಪುಡಿ ಉದುರುತ್ತದೆ, ತೂಕವೂ ಇಳಿಯುತ್ತದೆ. ಎರಕದ ಕಬ್ಬಿಣ ತುಸು ದುಬಾರಿ, ಆದರೆ ಒಮ್ಮೆ ಕೊಂಡರೆ ಮಕ್ಕಳೂ ಎತ್ತಬಹುದು. ರಬ್ಬರ್ ಹೊದಿಸಿದ್ದು ಸದ್ದು ಕಡಿಮೆ ಮಾಡುತ್ತದೆ, ಮೊದಲ ಕೆಲವು ವಾರ ವಾಸನೆ ಸಹಿಸಬೇಕು. ನನ್ನನ್ನು ಕೇಳಿದರೆ, 50 ಕೆಜಿ ಪಿವಿಸಿಗಿಂತ 30 ಕೆಜಿ ಕಬ್ಬಿಣ ಮೇಲು.

ಕೊಳ್ಳುವವರು ಅತಿ ಕಡಿಮೆ ಯೋಚಿಸುವ, ಆದರೆ ಆಮೇಲೆ ಬದಲಾಯಿಸಲಾಗದ ಸಂಗತಿ ಪ್ಲೇಟಿನ ನಡುವಿನ ತೂತು. ಮಾರುಕಟ್ಟೆಯಲ್ಲಿ ಎರಡು ಕುಲಗಳಿವೆ. ಒಂದು, 25 ಅಥವಾ 28 ಮಿಲಿಮೀಟರ್ ದಪ್ಪದ ಸಾದಾ ರಾಡಿಗೆ ಹೊಂದುವ ಸಣ್ಣ ತೂತಿನವು. ಇನ್ನೊಂದು, ಒಲಿಂಪಿಕ್ ರಾಡಿನ 50 ಮಿಲಿಮೀಟರ್ ತುದಿಗೆ ಹೊಂದುವ ದೊಡ್ಡ ತೂತಿನವು. ಇವು ಒಂದಕ್ಕೊಂದು ಸೇರುವುದಿಲ್ಲ. ಸಣ್ಣ ತೂತಿನ ಪ್ಲೇಟುಗಳನ್ನು ಕೂಡಿಹಾಕಿಕೊಂಡು ಎರಡು ವರ್ಷದ ಮೇಲೆ ದೊಡ್ಡ ರಾಡ್ ಕೊಳ್ಳಲು ಹೋದರೆ ಹಳೆಯದನ್ನೆಲ್ಲ ಮಾರಿ ಹೊಸದಾಗಿ ಶುರು ಮಾಡಬೇಕು. ಭಾರವನ್ನು ಗಂಭೀರವಾಗಿ ಏರಿಸುವ ಆಸೆ ಇದ್ದವರು, ತಮ್ಮ ಮೈತೂಕಕ್ಕಿಂತ ಹೆಚ್ಚು ಭಾರವನ್ನು ನೆಲದಿಂದ ಎತ್ತಬೇಕೆಂಬವರು ಮೊದಲ ದಿನವೇ 50 ಮಿಲಿಮೀಟರಿನ ಕುಲವನ್ನು ಆರಿಸಿಕೊಳ್ಳಲಿ. ಅದೇ ತುದಿಯ ಡಂಬೆಲ್ ಹಿಡಿಗಳೂ ಸಿಗುತ್ತವೆ, ಒಂದೇ ಪ್ಲೇಟು ಎರಡು ಕಡೆಗೂ ಆಗುತ್ತದೆ. ಮೈಕೈ ಗಟ್ಟಿಯಾಗಿದ್ದರೆ ಸಾಕು, ಡಂಬೆಲ್ಲೇ ಸಾಕು ಎಂಬವರಿಗೆ ಸಣ್ಣ ತೂತಿನದೇ ಸಾಕಷ್ಟಾಯಿತು.

ಒಲಿಂಪಿಕ್ ರಾಡ್ ಎಂದರೆ ಗಂಡಸರದ್ದು 20 ಕೆಜಿ, 2.2 ಮೀಟರ್ ಉದ್ದ, ಹಿಡಿಯುವ ಭಾಗ 28 ಮಿಲಿಮೀಟರ್ ದಪ್ಪ. ಹೆಂಗಸರದ್ದು 15 ಕೆಜಿ, 2.01 ಮೀಟರ್, ಹಿಡಿ 25 ಮಿಲಿಮೀಟರ್. ಪ್ಲೇಟು ಕೂರುವ ತುದಿಗಳು ಹಿಡಿಯಿಂದ ಬೇರೆಯಾಗಿ ತಿರುಗುತ್ತವೆ. ಕುಂದಾಪುರ ಕಡೆಯ ಗುರುರಾಜ್ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 61 ಕೆಜಿ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 118, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 151, ಒಟ್ಟು 269 ಕೆಜಿ ಎತ್ತಿ ಕಂಚು ಗೆದ್ದರಲ್ಲ, ಆ ವೇಗದಲ್ಲಿ ರಾಡನ್ನು ನೆಲದಿಂದ ಎದೆಗೆ ತಂದು ಮಣಿಕಟ್ಟು ತಿರುಗಿಸುವಾಗ ಪ್ಲೇಟುಗಳೂ ಜೊತೆಗೆ ತಿರುಗಿದರೆ ಕೈ ಮುರಿದೀತು. ತುದಿ ಸ್ವತಂತ್ರವಾಗಿ ತಿರುಗುವುದರಿಂದ ಆ ತಿರುಚು ಮಣಿಕಟ್ಟಿಗೆ ತಗಲುವುದಿಲ್ಲ. ಸೆಟ್ಟಿನ ಜೊತೆ ಬರುವ ಐದಡಿಯ ರಾಡಿಗೆ ಈ ಗುಣ ಇಲ್ಲ. ಹಾಗಾಗಿ ಸ್ನ್ಯಾಚ್, ಜರ್ಕ್‌ಗಳನ್ನು ಅದರಲ್ಲಿ ಪ್ರಯೋಗಿಸಬೇಡಿ. ಆ ಎರಡು ವಿದ್ಯೆಗೆ ತರಬೇತುದಾರರು ಬೇಕು, ಮರ ಮತ್ತು ರಬ್ಬರಿನ ವೇದಿಕೆ ಬೇಕು, ಎತ್ತರದಿಂದ ಬಿಟ್ಟರೂ ತಡೆಯುವ ರಬ್ಬರ್ ಪ್ಲೇಟು ಬೇಕು. ಪದಕ ಗೆದ್ದವರನ್ನು ನೋಡಿ ಹುಮ್ಮಸ್ಸು ಬಂದಿದ್ದರೆ ಬಹಳ ಸಂತೋಷ, ಒಳ್ಳೆಯ ತರಬೇತಿ ಕೇಂದ್ರ ಹುಡುಕಿ. ಮನೆಯಲ್ಲಿ ಮಾಡಬೇಕಾದದ್ದು ನಿಧಾನದ ಎತ್ತುಗಳು.

ನಿಧಾನದ ಎತ್ತುಗಳಲ್ಲಿ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ರಾಡನ್ನು ಹಿಡಿದು ನೇರ ನಿಲ್ಲುವುದು, ಬಹಳ ಲಾಭದ್ದು. ಅದರಲ್ಲಿ ಹೊಸಬರ ಸೊಂಟ ಹಿಡಿಯುವುದಕ್ಕೆ ಒಂದು ಕಾರಣ ಪ್ಲೇಟಿನ ಅಡ್ಡಳತೆ ಎಂದರೆ ಅನೇಕರು ನಂಬುವುದಿಲ್ಲ. ಸ್ಪರ್ಧೆಯ ದೊಡ್ಡ ಪ್ಲೇಟಿನ ಅಡ್ಡಳತೆ 450 ಮಿಲಿಮೀಟರ್. ಆದ್ದರಿಂದ ರಾಡಿನ ನಡುಗೆರೆ ನೆಲದಿಂದ 22.5 ಸೆಂಟಿಮೀಟರ್ ಮೇಲೆ, ಮೀನಖಂಡದ ನಡುವಿಗೆ ಬರುತ್ತದೆ. ಐದು ಹತ್ತು ಕೆಜಿಯ ಪಿವಿಸಿ ಪ್ಲೇಟು ಅದಕ್ಕಿಂತ ಎಷ್ಟೋ ಚಿಕ್ಕದು. ರಾಡ್ ಪಾದದ ಹತ್ತಿರಕ್ಕೆ ಇಳಿಯುತ್ತದೆ, ಅದನ್ನು ಮುಟ್ಟಲು ಬೆನ್ನು ಬಿಲ್ಲಾಗುತ್ತದೆ, ಬಿಲ್ಲಾದ ಬೆನ್ನಿನಲ್ಲೇ ಭಾರ ಏಳುತ್ತದೆ. ಪರಿಹಾರಕ್ಕೆ ಖರ್ಚಿಲ್ಲ. ಎರಡೂ ಕಡೆ ಪ್ಲೇಟಿನ ಕೆಳಗೆ ಅಲುಗಾಡದ ಮರದ ಹಲಗೆಗಳನ್ನೋ ರಬ್ಬರ್ ಮ್ಯಾಟಿನ ತುಂಡುಗಳನ್ನೋ ಇಟ್ಟು ರಾಡನ್ನು ಮೀನಖಂಡದ ನಡುವಿನ ಎತ್ತರಕ್ಕೆ ತನ್ನಿ. ಇಟ್ಟಿಗೆ ಬೇಡ, ಒಡೆಯುತ್ತದೆ.

ಎರಡನೆಯ ಪ್ರಶ್ನೆಗೆ, ಸೋತಾಗ ಕೈಬಿಡುವ ಬಗೆಗೆ, ಬರೋಣ. ಇಲ್ಲಿ ನಾನು ಒರಟಾಗಿಯೇ ಹೇಳುತ್ತೇನೆ: ಮನೆಯಲ್ಲಿ ಒಬ್ಬರೇ ಇರುವಾಗ, ತಡೆಯುವ ಕಬ್ಬಿಣದ ಅಡ್ಡಪಟ್ಟಿಗಳಿಲ್ಲದೆ, ಬೆಂಚಿನ ಮೇಲೆ ಮಲಗಿ ಬಾರ್ಬೆಲ್ ಎತ್ತಬೇಡಿ. ಜಿಮ್ಮಿನಲ್ಲಿ ತಲೆಯ ಬಳಿ ಇನ್ನೊಬ್ಬರು ನಿಂತಿರುತ್ತಾರೆ. ಮನೆಯಲ್ಲಿ ರಾಡ್ ಎದೆಯ ಮೇಲೆ ಕೂತರೆ, ಅಲ್ಲಿಂದ ಕುತ್ತಿಗೆಗೆ ಉರುಳಿದರೆ, ಕೂಗಲೂ ಉಸಿರಿರುವುದಿಲ್ಲ. ಸೆಟ್ಟಿನ ಜೊತೆ ಬರುವ ಬೆಂಚಿಗೆ ಅಂಟಿಕೊಂಡ ಕವಲುಗಳು ರಾಡನ್ನು ಇಡಲು ಮಾತ್ರ, ಬೀಳುವಾಗ ಹಿಡಿಯಲು ಅಲ್ಲ. ಅವು ಹತ್ತಿರ ಹತ್ತಿರ ಇರುವುದರಿಂದ ಇನ್ನೊಂದು ಅಪಾಯವೂ ಇದೆ. ಒಂದು ತುದಿಯ ಪ್ಲೇಟುಗಳನ್ನೆಲ್ಲ ಒಮ್ಮೆಗೇ ತೆಗೆದರೆ ರಾಡ್ ಇನ್ನೊಂದು ಕಡೆಗೆ ಚಿಮ್ಮಿ ಬೀಳುತ್ತದೆ. ಒಂದು ಈ ಕಡೆ, ಒಂದು ಆ ಕಡೆ ಎಂದು ಸರದಿಯಲ್ಲೇ ತೆಗೆಯಬೇಕು.

ಡಂಬೆಲ್ಲಿನಲ್ಲಿ ಈ ಭಯವಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿ ಡಂಬೆಲ್ ಒತ್ತಿದರೆ ಮೊಣಕೈ ನೆಲಕ್ಕೆ ತಾಗಿ ನಿಲ್ಲುತ್ತದೆ, ಎದೆಗೆ ಭಾರ ಬರುವುದೇ ಇಲ್ಲ. ಬೆಂಚಿನ ಖರ್ಚೂ ಉಳಿಯಿತು. ಹಾಗೆಯೇ ಹೆಗಲ ಮೇಲೆ ರಾಡ್ ಹೊತ್ತು ಕುಳಿತೇಳುವ ಸ್ಕ್ವಾಟಿನ ಬದಲು ಒಂದೇ ಡಂಬೆಲ್ಲನ್ನೋ ಕೆಟಲ್‌ಬೆಲ್ಲನ್ನೋ ಎದೆಗೊತ್ತಿ ಹಿಡಿದು ಕುಳಿತೇಳಿ. ಸಾಕಾದಾಗ ಮುಂದೆ ಇಳಿಸಿಬಿಡಬಹುದು. ಡೆಡ್‌ಲಿಫ್ಟ್‌ನಲ್ಲಿ ಭಾರ ಹೇಗೂ ನೆಲದ ಹತ್ತಿರವೇ. ಬಗ್ಗಿ ಹೊಟ್ಟೆಯ ಕಡೆಗೆ ಎಳೆಯುವ ರೋ, ನಿಂತು ತಲೆಯ ಮೇಲೆತ್ತುವ ಪ್ರೆಸ್, ಇವೂ ಒಬ್ಬರೇ ಮಾಡಬಹುದಾದವು. ಈ ಐದರಲ್ಲಿ ಇಡೀ ದೇಹ ಮುಗಿಯಿತು. ಮೊದಲ ಆರು ತಿಂಗಳಿಗೆ ಇನ್ನೇನೂ ಬೇಡ.

ಆಮೇಲೂ ಹುರುಪು ಉಳಿದರೆ, ಭಾರ ಏರಿದರೆ, ಆಗ ಬೀಳುವ ರಾಡನ್ನು ತಡೆಯುವ ಅಡ್ಡಪಟ್ಟಿಗಳಿರುವ ರ್ಯಾಕ್ ಕೊಳ್ಳಿ. ಅದರ ಅಡ್ಡಪಟ್ಟಿಗಳನ್ನು ಸ್ಕ್ವಾಟಿನಲ್ಲಿ ನೀವು ಇಳಿಯುವ ಅತಿ ಕೆಳಗಿನ ಮಟ್ಟಕ್ಕಿಂತ ತುಸು ಕೆಳಗೆ, ಬೆಂಚಿನಲ್ಲಿ ಉಬ್ಬಿಸಿದ ಎದೆಗಿಂತ ತುಸು ಕೆಳಗೆ, ಆದರೆ ಕುತ್ತಿಗೆಗಿಂತ ಮೇಲೆ ಇಡಬೇಕು. ಐದಡಿಯ ರಾಡ್ ದೊಡ್ಡ ರ್ಯಾಕಿನ ಮೇಲೆ ಕೂರುವುದೇ ಇಲ್ಲ. ಒಲಿಂಪಿಕ್ ರಾಡಿನಲ್ಲಿ ಪ್ಲೇಟು ಕೂರುವ ಎರಡು ತುದಿಗಳ ನಡುವೆ 131 ಸೆಂಟಿಮೀಟರ್ ಇರುತ್ತದೆ, ರ್ಯಾಕಿನ ಅಗಲ ಅದಕ್ಕೆ ಹೊಂದಿಸಿದ್ದು. ಬೆಂಚಿನ ಮೇಲೆ ಬರೆದಿರುವ ತಾಳುವ ತೂಕದಲ್ಲಿ ನಿಮ್ಮ ಮೈತೂಕವೂ ಸೇರಿದೆ ಎಂಬುದು ನೆನಪಿರಲಿ. 75 ಕೆಜಿಯವರು 60 ಕೆಜಿ ಎತ್ತಿದರೆ ಬೆಂಚ್ ಹೊರುವುದು 135. ಮಲಗಿದಾಗ ಎರಡೂ ಪಾದ ನೆಲಕ್ಕೆ ಗಟ್ಟಿಯಾಗಿ ಊರಬೇಕು. ಪವರ್‌ಲಿಫ್ಟಿಂಗ್ ಸ್ಪರ್ಧೆಯ ಬೆಂಚು 42ರಿಂದ 45 ಸೆಂಟಿಮೀಟರ್ ಎತ್ತರ ಇರುತ್ತದೆ. ಗಿಡ್ಡವಿದ್ದವರು ಪಾದದ ಕೆಳಗೆ ಒಂದೊಂದು ಪ್ಲೇಟು ಇಟ್ಟುಕೊಂಡರಾಯಿತು.

ಕೋಣೆಯನ್ನೂ ಅಳೆಯಬೇಕು. ತಲೆಯ ಮೇಲೆ ನೋಡಿ, ಫ್ಯಾನ್ ಇದೆ. ಐದಡಿ ಎಂಟಂಗುಲದವರು ದೊಡ್ಡ ಪ್ಲೇಟು ಹಾಕಿದ ರಾಡನ್ನು ಪೂರ್ತಿ ಎತ್ತಿದರೆ ಪ್ಲೇಟಿನ ಮೇಲಂಚು ಸುಮಾರು ಏಳೂವರೆ ಅಡಿಗೆ ಹೋಗುತ್ತದೆ. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಎತ್ತರ 2.75 ಮೀಟರ್, ಅಂದರೆ ಒಂಬತ್ತಡಿ. ಅದರಲ್ಲಿ ಫ್ಯಾನು ಒಂದು ಅಡಿ ಇಳಿದಿದ್ದರೆ ಉಳಿಯುವುದು ಅರ್ಧ ಅಡಿ. ಫ್ಯಾನಿನ ನೇರ ಕೆಳಗೆ ಪ್ರೆಸ್ ಮಾಡಬೇಡಿ.

ಮಹಡಿ ತಡೆಯುತ್ತದೆಯೇ ಎಂದು ಅಪಾರ್ಟ್‌ಮೆಂಟಿನವರು ಹೆದರುತ್ತಾರೆ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಮನೆಯ ಕೋಣೆಯ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಹೆಚ್ಚುಕಡಿಮೆ 200 ಕೆಜಿ ಹೊರುವಂತೆ ವಿನ್ಯಾಸ ಮಾಡಬೇಕು. ಹತ್ತಡಿಗೆ ಹತ್ತಡಿಯ ಕೋಣೆಯೆಂದರೆ ಸುಮಾರು ಒಂಬತ್ತು ಚದರ ಮೀಟರು. ಸರಿಯಾಗಿ ಕಟ್ಟಿದ ಕಾಂಕ್ರೀಟ್ ಮನೆಯಲ್ಲಿ 80 ಕೆಜಿಯ ಮನುಷ್ಯ 100 ಕೆಜಿ ಹಿಡಿದು ನಿಂತರೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಬೀಳಿಸುವುದರಲ್ಲಿ. ಟೈಲ್ಸ್ ಬಿರುಕು ಬಿಡುತ್ತದೆ, ಕೆಳಮನೆಯವರ ನಿದ್ದೆ ಕೆಡುತ್ತದೆ. ಹಳೆಯ ಮನೆಯ ಮರದ ಅಟ್ಟದ ಮೇಲಂತೂ ಈ ಸಾಹಸ ಬೇಡವೇ ಬೇಡ. ಯೋಗದ ತೆಳು ಮ್ಯಾಟು ಇಲ್ಲಿ ಕೆಲಸಕ್ಕೆ ಬಾರದು. ಹೈನುಗಾರರು ಕೊಟ್ಟಿಗೆಯಲ್ಲಿ ಹಸುವಿನ ಕಾಲ ಕೆಳಗೆ ಹಾಸುವ ದಪ್ಪ ರಬ್ಬರ್ ಮ್ಯಾಟು ಇದೆಯಲ್ಲ, ಅದು ಹೇಳಿ ಮಾಡಿಸಿದಂತೆ ಹೊಂದುತ್ತದೆ. ಕೆಲವು ಕ್ವಿಂಟಲ್ ತೂಗುವ ಪ್ರಾಣಿ ದಿನವಿಡೀ ತುಳಿದರೂ ತಡೆಯುವಂಥದ್ದು. ವಿದೇಶದಲ್ಲೂ ಮನೆಜಿಮ್ಮಿನವರು ಕುದುರೆಲಾಯದ ಮ್ಯಾಟನ್ನೇ ಹಾಸುತ್ತಾರೆ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇನ್ನೊಂದು ಕೆಲಸ ಇದೆ. ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ, ಬೆವರಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬಳಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಆಗಾಗ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಅಡುಗೆಮನೆಯ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆನ್ನುತ್ತದೆ, 65 ದಾಟಿದವರನ್ನೂ ಸೇರಿಸಿ. ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮ ಹಿರಿಯರಲ್ಲಿ ಈ ಭಾಗ ಬಿಟ್ಟುಹೋಗಿದೆ. ಅವರಿಗೆ ಒಂದೂಕಾಲು, ಎರಡೂವರೆ ಕೆಜಿಯೇ ದೊಡ್ಡ ಆರಂಭ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಬೆನ್ನುಹುರಿಯ ಸಮಸ್ಯೆ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಲಿ.

ಹೊಸದೇ ಬೇಕೆಂಬ ಹಟವೂ ಬೇಡ. 2020ರ ಲಾಕ್‌ಡೌನಿನಲ್ಲಿ ಡಂಬೆಲ್‌ಗಳಿಗೆ ಜಗತ್ತಿನಾದ್ಯಂತ ಬರ ಬಂದಿತ್ತು. ಆಗ ಕೊಂಡವರಲ್ಲಿ ಅನೇಕರು ಈಗ ಮಾರುತ್ತಿದ್ದಾರೆ. ಕಬ್ಬಿಣದ ಪ್ಲೇಟಿಗೆ ವಯಸ್ಸಿಲ್ಲ, ಮೇಲಿನ ತುಕ್ಕು ತಂತಿಬ್ರಷ್ಷಿಗೆ ಹೋಗುತ್ತದೆ. ರಾಡನ್ನು ಮಾತ್ರ ಸಮನೆಲದ ಮೇಲೆ ಉರುಳಿಸಿ ನೋಡಿ, ಕುಂಟುತ್ತಾ ಉರುಳಿದರೆ ಬಾಗಿದೆ, ಬೇಡ. ಹಳೆಯ ಬೆಂಚಿನ ಬೆಸುಗೆಗಳಲ್ಲಿ ಬಿರುಕು ಇದ್ದರೂ ಬೇಡ. ಹೊಸದೋ ಹಳೆಯದೋ, ಹೋಗುವಾಗ ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಜೊತೆಗಿರಲಿ. ಸ್ಪರ್ಧೆಯ 20 ಕೆಜಿ ಪ್ಲೇಟಿನಲ್ಲಿ 20 ಗ್ರಾಂ ಹೆಚ್ಚು, 10 ಗ್ರಾಂ ಕಡಿಮೆ ಇರಲು ಮಾತ್ರ ಅವಕಾಶ. ಅಗ್ಗದ ಪ್ಲೇಟುಗಳಲ್ಲಿ ಮೇಲೆ ಬರೆದ ಅಂಕಿಗೂ ತಕ್ಕಡಿಯ ಅಂಕಿಗೂ ನೂರಾರು ಗ್ರಾಂ ವ್ಯತ್ಯಾಸ ಇರಬಹುದು. ಅದಕ್ಕಾಗಿ ಕೊಳ್ಳುವುದನ್ನು ಬಿಡಬೇಕಿಲ್ಲ. ಪ್ರತಿಯೊಂದನ್ನೂ ತೂಗಿ, ನಿಜವಾದ ತೂಕವನ್ನು ಬಿಳಿ ಪೇಂಟಿನಲ್ಲಿ ಹಿಂಬದಿಗೆ ಬರೆದು, ಸಮೀಪದ ತೂಕದ ಎರಡೆರಡನ್ನು ಜೋಡಿ ಮಾಡಿಟ್ಟುಕೊಳ್ಳಿ. ರಾಡಿನ ಎರಡು ತುದಿಗೂ ಆ ಜೋಡಿಯೇ ಹೋಗಬೇಕು.